ಸವೆಯುವ ಮೊದಲೇ ಮುಪ್ಪಾದ ಟೈರುಗಳು: ಹನ್ನೆರಡು ವರ್ಷದ ಡಿಸೈರ್‌ಗೆ ಹೊಸ ಟೈರ್ ಆರಿಸಿದ ಬಗೆ

2024ರ ಏಪ್ರಿಲ್ ಕೊನೆಯ ವಾರ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಮರಳುತ್ತಿದ್ದೆವು. ವರ್ಷದ ಮೊದಲ ಮಳೆ ಶುರುವಾಗಿ ಹತ್ತು ನಿಮಿಷವಾಗಿರಬಹುದು. ಮಂಡಗದ್ದೆ ದಾಟಿದ ಮೇಲೆ, ತುಂಗೆಯ ಪಕ್ಕದ ಒಂದು ತಿರುವಿನಲ್ಲಿ ಕರುವೊಂದು ಇದ್ದಕ್ಕಿದ್ದಂತೆ ರಸ್ತೆಗೆ ಇಳಿಯಿತು. ವೇಗ ಗಂಟೆಗೆ 50 ಕಿ.ಮೀ. ಮೀರಿರಲಿಲ್ಲ, ಬ್ರೇಕನ್ನೂ ಸಕಾಲದಲ್ಲಿ ಒತ್ತಿದ್ದೆ. ಆದರೂ ಕಾರು ನಾನೆಣಿಸಿದಲ್ಲಿ ನಿಲ್ಲದೆ, ಸುಮಾರು ಒಂದು ಕಾರಿನ ಉದ್ದದಷ್ಟು ಮುಂದಕ್ಕೆ ಜಾರಿ ನಿಂತಿತು. ಕರು ತಾನೇ ಪಕ್ಕಕ್ಕೆ ನೆಗೆದದ್ದರಿಂದ ಉಳಿಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಕುಳಿತಿದ್ದರು. ಮನೆ ತಲುಪುವವರೆಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ನಮ್ಮದು 2012ರ ಮಾರುತಿ ಸ್ವಿಫ್ಟ್ ಡಿಸೈರ್ ವಿಡಿಐ. ಅಪ್ಪ ಕೊಂಡ ಕಾರು, ಈಗ ನಾನು ಓಡಿಸುತ್ತೇನೆ. ವರ್ಷಕ್ಕೆ ಆರು ಸಾವಿರ ಚಿಲ್ಲರೆ ಕಿಲೋಮೀಟರು ಓಡುತ್ತದೆ. ಅದರಲ್ಲಿ ಬಹುಪಾಲು ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಹೆಬ್ರಿಯ ಮನೆಗೆ ಹೋಗಿ ಬರುವ ಓಡಾಟ. ಈ ದಾಖಲೆಯನ್ನು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಕಡಿಮೆ ಓಡುವ ಹಳೆಯ ಕುಟುಂಬದ ಕಾರಿಗೆ ಟೈರ್ ಆರಿಸುವ ಲೆಕ್ಕವು ಟ್ಯಾಕ್ಸಿಯ ಲೆಕ್ಕಕ್ಕಿಂತ ಪೂರ್ತಿ ಬೇರೆ ಎಂಬುದು ನನಗೆ ಆ ಕರುವಿನ ಮುಂದೆ ಜಾರುವವರೆಗೆ ಹೊಳೆದಿರಲಿಲ್ಲ.

ಮೊದಲ ತಪಾಸಣೆ

ಮರುದಿನ ಬೆಳಿಗ್ಗೆ ಟೈರುಗಳ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಉಬ್ಬುಗಳು, ಎಷ್ಟು ಉಳಿದಿವೆ ಎಂದು ಅಳೆದೆ. ಇದಕ್ಕೆಂದೇ ಸಿಗುವ ಚಿಕ್ಕ ಗೇಜ್ ನನ್ನಲ್ಲಿ ಇರಲಿಲ್ಲ. ವರ್ನಿಯರ್ ಕ್ಯಾಲಿಪರ್‌ನ ಹಿಂತುದಿಯಿಂದ ಹೊರಬರುವ ಸಣ್ಣ ಕಡ್ಡಿಯನ್ನು ಉಬ್ಬುಗಳ ನಡುವಿನ ಕಾಲುವೆಯೊಳಗೆ ಇಳಿಸಿ ಅಳೆದರೆ ಸಾಕಾಗುತ್ತದೆ. ಒಂದೊಂದು ಟೈರಿನಲ್ಲೂ ಒಳ ಅಂಚು, ನಡು, ಹೊರ ಅಂಚು ಎಂದು ಮೂರು ಕಡೆ ಅಳೆಯಬೇಕು, ಮತ್ತು ಕಾಲುವೆಯ ತಳದಲ್ಲಿ ಅಡ್ಡಲಾಗಿರುವ ಸವೆತ ಸೂಚಕದ ದಿಬ್ಬದ ಮೇಲೆ ಕಡ್ಡಿ ಕೂರದಂತೆ ನೋಡಿಕೊಳ್ಳಬೇಕು. ಆ ದಿಬ್ಬದ ಎತ್ತರ 1.6 ಮಿ.ಮೀ. ಬಟನ್ ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರ ಟೈರಿನ ಆಯುಸ್ಸು ಮುಗಿಯಿತು.

ನಮ್ಮ ಟೈರುಗಳು ಆ ಮಟ್ಟಕ್ಕೆ ಬಂದಿರಲೇ ಇಲ್ಲ. ಹಿಂದಿನ ಎರಡರಲ್ಲಿ 4 ಮಿ.ಮೀ. ಮೇಲೆಯೇ ಇತ್ತು, ಮುಂದಿನ ಎರಡರ ನಡುವಿನಲ್ಲಿ 3.8 ಇತ್ತು. ನೋಡಿದವರು ಯಾರೇ ಆದರೂ 'ಇನ್ನೂ ಮೂರು ವರ್ಷ ಓಡಿಸಬಹುದು' ಎಂದೇ ಹೇಳುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹಾಗಾದರೆ ಜಾರಿದ್ದೇಕೆ? ಬೇಸಿಗೆಯಿಡೀ ರಸ್ತೆಯ ಮೇಲೆ ಕೂತ ಧೂಳು ಮತ್ತು ಎಣ್ಣೆಯ ಪಸೆ ಮೊದಲ ಮಳೆಯ ನೀರಿನಲ್ಲಿ ಕದಡಿ ಜಿಡ್ಡಾಗುತ್ತದೆ ಎಂಬುದು ನಿಜ. ಆದರೆ ಅದೇ ರಸ್ತೆಯಲ್ಲಿ, ಅಂಥದೇ ಮೊದಲ ಮಳೆಯಲ್ಲಿ ಈ ಕಾರು ಹಿಂದೆ ಎಷ್ಟೋ ಸಲ ಓಡಾಡಿತ್ತು.

ಉತ್ತರ ಸಿಕ್ಕಿದ್ದು ನೆಲಕ್ಕೆ ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಕಾರಿನ ಕೆಳಗೆ ತಲೆ ತೂರಿಸಿದಾಗ. ಟೈರಿನ ಸೈಡ್‌ವಾಲ್ (ಪಕ್ಕದ ಮೈ) ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲೊಂದು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಈ ನಾಲ್ಕು ಅಂಕಿಗಳು ಸಾಮಾನ್ಯವಾಗಿ ಟೈರಿನ ಒಂದು ಮಗ್ಗುಲಲ್ಲಿ ಮಾತ್ರ ಇರುತ್ತವೆ, ಅದು ಕಾರಿನ ಒಳಬದಿಗೆ ಬಂದಿದ್ದರೆ ಹೀಗೆ ಮಲಗಿಯೇ ಓದಬೇಕು. ಕೆಸರು ಒರೆಸಿದಾಗ 3816 ಎಂದು ಕಂಡಿತು: 2016ರ 38ನೆಯ ವಾರ, ಅಂದರೆ ಸೆಪ್ಟೆಂಬರ್. ಟೈರುಗಳಿಗೆ ಏಳೂವರೆ ವರ್ಷ ತುಂಬಿತ್ತು. ಅಷ್ಟು ಹತ್ತಿರದಿಂದ ಬೆಳಕು ಬಿಟ್ಟು ನೋಡಿದಾಗ ಬಟನ್‌ಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳ ಜಾಲವೂ ಕಂಡಿತು. ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ರಬ್ಬರು ತಗ್ಗುತ್ತಿರಲಿಲ್ಲ. ಒಣಗಿದ ಮರದ ತೊಗಟೆಯನ್ನು ಒತ್ತಿದಂತಾಯಿತು.

ರಬ್ಬರು ಗಾಳಿಯಲ್ಲಿನ ಆಮ್ಲಜನಕ, ಓಝೋನ್ ಮತ್ತು ಬಿಸಿಲಿನಿಂದ ವರ್ಷಗಳು ಕಳೆದಂತೆ ಗಡುಸಾಗುತ್ತ ಹೋಗುತ್ತದೆ. ಇದನ್ನು ತಡೆಯಲು ತಯಾರಕರು ರಬ್ಬರಿನಲ್ಲಿ ರಕ್ಷಕ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಳುಕಿದಂತೆಲ್ಲ ಅವು ಒಳಗಿನಿಂದ ಮೇಲ್ಮೈಗೆ ಬಂದು ಪದರ ಕಟ್ಟುತ್ತವೆ. ನಿಂತಲ್ಲೇ ನಿಂತಿರುವ ಕಾರಿನಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಆದ್ದರಿಂದ 'ಹೆಚ್ಚು ಓಡಿಸಿಯೇ ಇಲ್ಲ' ಎಂಬುದು ಟೈರಿನ ಮಟ್ಟಿಗೆ ಸಮಾಧಾನದ ಮಾತಲ್ಲ. ಗಡುಸಾದ ರಬ್ಬರು ರಸ್ತೆಯ ಒರಟಿನೊಳಗೆ ಒತ್ತಿಕೊಂಡು ಹಿಡಿಯಲಾರದು. ಒಣ ರಸ್ತೆಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ, ಒದ್ದೆಯಲ್ಲಿ ತಕ್ಷಣ ತಿಳಿಯುತ್ತದೆ.

ಒಂದು ಲೆಕ್ಕ ಹಾಕಿದೆ. ಹೊಸದಿದ್ದಾಗ 8 ಮಿ.ಮೀ. ಇದ್ದ ಬಟನ್ 45,000 ಕಿ.ಮೀ.ಗೆ 3.8ಕ್ಕೆ ಇಳಿದಿತ್ತು. ಉಳಿದ 2.2 ಮಿ.ಮೀ. ಸವೆದು ಕಾನೂನಿನ ಗೆರೆ ಮುಟ್ಟಲು ಇನ್ನೂ ಇಪ್ಪತ್ಮೂರು ಸಾವಿರ ಕಿ.ಮೀ. ಬೇಕು, ನಮ್ಮ ಓಟಕ್ಕೆ ಅದು ಸುಮಾರು ನಾಲ್ಕು ವರ್ಷ. ಅಂದರೆ ಸವೆತವನ್ನಷ್ಟೇ ನಂಬಿ ಕಾದಿದ್ದರೆ ಹನ್ನೊಂದು ವರ್ಷ ದಾಟಿದ ಟೈರಿನಲ್ಲಿ ಆಗುಂಬೆ ಇಳಿಯುತ್ತಿದ್ದೆವು.

ಅಂಗಳದಲ್ಲೊಂದು ಪರೀಕ್ಷೆ

ಬದಲಾಯಿಸುವ ಮೊದಲು ಹಳೆಯ ಟೈರುಗಳ ಸ್ಥಿತಿಯನ್ನು ಅಂಕಿಯಲ್ಲಿ ಹಿಡಿಯಬೇಕೆನಿಸಿತು. ಗೆಳೆಯರೊಬ್ಬರ ಅಕ್ಕಿ ಗಿರಣಿಯ ಸಿಮೆಂಟ್ ಅಂಗಳ ಭಾನುವಾರ ಖಾಲಿಯಿರುತ್ತದೆ. ಪೈಪಿನಿಂದ ನೀರು ಬಿಟ್ಟು ಅಂಗಳ ತೋಯಿಸಿ, ಗೇಟಿಗೆ ಬೀಗ ಹಾಕಿಸಿ, ಸ್ಪೀಡೋಮೀಟರಿನ 30ರಲ್ಲಿ ಗೆರೆ ಮುಟ್ಟಿದ ಕೂಡಲೇ ಪೂರ್ತಿ ಬ್ರೇಕ್ ಒತ್ತಿದೆ. ಗೆಳೆಯ ಟೇಪಿನಲ್ಲಿ ಅಳೆದರು. ಮೂರು ಸಲದ ಅಳತೆ 7.2, 7.6 ಮತ್ತು 7.4 ಮೀಟರ್. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ. ಅದೇ ಅಂಗಳದಲ್ಲಿ, ಅದೇ ಕಾರಿನಲ್ಲಿ, ಅದೇ ಕಾಲಿನಿಂದ ಮುಂದೆ ಹೋಲಿಸಿ ನೋಡುವುದಕ್ಕೆ ಸಾಕಾಗುವ ಅಳತೆ. ಇದನ್ನು ಸಾರ್ವಜನಿಕ ರಸ್ತೆಯಲ್ಲಿ ಯಾರೂ ಮಾಡಬಾರದು.

ಟೈರಿಗಿಂತ ಮೊದಲು ಕಾರು

ಮುಂದಿನ ಎಡ ಟೈರಿನ ಒಳ ಅಂಚಿನಲ್ಲಿ ಮಾತ್ರ 2.4 ಮಿ.ಮೀ. ಇತ್ತು, ಹೊರ ಅಂಚಿನಲ್ಲಿ 4.1. ಇಂಥ ಸವೆತವನ್ನು ಓದುವುದು ಕಷ್ಟವಲ್ಲ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಿಟ್ಟು ಓಡಿಸಿದ್ದಾರೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಅಂಚು ಸವೆದಿದ್ದರೆ ಚಕ್ರದ ಕೋನ ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಹನ್ನೆರಡು ವರ್ಷದ ಕಾರಿಗೆ ನೇರವಾಗಿ ಹೊಸ ಟೈರು ಹಾಕಿಸಿ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಿದರೆ, ಸಡಿಲವಾದ ಕೀಲುಗಳ ಮೇಲೆ ಮಾಡಿದ ಅಲೈನ್‌ಮೆಂಟ್ ತಿಂಗಳೊಳಗೆ ಮತ್ತೆ ತಪ್ಪುತ್ತದೆ.

ಹಾಗಾಗಿ ಮೊದಲು ಗ್ಯಾರೇಜಿಗೆ ಹೋದೆ. ಮುಂದಿನ ಎಡ ಚಕ್ರವನ್ನು ಜಾಕ್ ಮೇಲೆ ಎತ್ತಿ, ಗಡಿಯಾರದ ಹನ್ನೆರಡು ಮತ್ತು ಆರರ ಸ್ಥಾನದಲ್ಲಿ ಹಿಡಿದು ಅಲುಗಿಸಿದಾಗ ಕೈಗೆ ಒಂದು ಸಣ್ಣ 'ಟಕ್' ಸಿಕ್ಕಿತು. ಮೂರು ಮತ್ತು ಒಂಬತ್ತರಲ್ಲಿ ಹಿಡಿದಾಗ ಏನೂ ಇರಲಿಲ್ಲ, ಅಂದರೆ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಗಟ್ಟಿಯಾಗಿತ್ತು. ಮೇಸ್ತ್ರಿ ಲಿವರ್ ಇಟ್ಟು ಮೀಟಿ ನೋಡಿ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ (ಗುಂಡು ಕೀಲು) ಹೋಗಿದೆ, ಹಿಂಬದಿಯ ರಬ್ಬರ್ ಬುಷ್ ಕೂಡ ಹರಿದಿದೆ ಎಂದರು. ಎರಡೂ ಕಡೆಯ ಲೋವರ್ ಆರ್ಮ್ ಬದಲಾಯಿಸಿದೆವು. ಶಾಕ್ ಅಬ್ಸಾರ್ಬರ್‌ಗಳು ಒಣಗಿಯೇ ಇದ್ದವು, ಎಣ್ಣೆ ಸೋರಿರಲಿಲ್ಲ, ಅವನ್ನು ಮುಟ್ಟಲಿಲ್ಲ.

'ಆಲ್ ಸೀಸನ್' ಎಂದರೆ ನಮ್ಮಲ್ಲಿ ಏನು

ಅಂಗಡಿಗಳಲ್ಲಿ ಈ ಮಾತನ್ನು ಧಾರಾಳವಾಗಿ ಬಳಸುತ್ತಾರೆ. ಹಿಮ ಬೀಳುವ ದೇಶಗಳಲ್ಲಿ ಬೇಸಿಗೆಯ ಟೈರು, ಚಳಿಗಾಲದ ಟೈರು, ಎರಡಕ್ಕೂ ಒಗ್ಗುವ ಆಲ್ ಸೀಸನ್ ಟೈರು ಎಂದು ಮೂರು ಬಗೆಗಳಿವೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆಯ ಟೈರಿನ ರಬ್ಬರು ಬಿಗಿಯಾಗುವುದರಿಂದ ಅಲ್ಲಿ ಈ ವಿಂಗಡಣೆಗೆ ಅರ್ಥವಿದೆ. ಅಲ್ಲಿ ನೆಲೆಸಿರುವ ನಮ್ಮವರು ಸೈಡ್‌ವಾಲ್ ಮೇಲಿನ ಎಂ+ಎಸ್ (ಕೆಸರು ಮತ್ತು ಹಿಮ) ಗುರುತನ್ನೂ, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಚಿಹ್ನೆಯನ್ನೂ ನೋಡಿ ಕೊಳ್ಳಬೇಕು. ಎರಡರಲ್ಲಿ ಹಿಮದ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದಕ್ಕೆ ಸಿಗುವುದು ಎರಡನೆಯದು. ಮಲೆನಾಡಿನ ಚಳಿಗೆ ಈ ಚಿಹ್ನೆಗಳ ಅಗತ್ಯವಿಲ್ಲ. ನಮ್ಮ ಋತುಗಳು ಎರಡೇ: ಡಾಂಬರು ಕುದಿಯುವ ಏಪ್ರಿಲ್, ಮತ್ತು ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಜುಲೈ. ಈ ಎರಡನ್ನೂ ತಡೆಯುವ ಟೈರೇ ನಮಗೆ ಎಲ್ಲ ಕಾಲದ ಟೈರು, ಮತ್ತು ಎರಡರಲ್ಲಿ ಜೀವಕ್ಕೆ ಹೆಚ್ಚು ಸಂಬಂಧಪಟ್ಟದ್ದು ಮಳೆ.

ಅಳತೆಯ ಪ್ರಶ್ನೆ

ಕಾರಿನ ಮೂಲ ಅಳತೆ 165/80 ಆರ್14 85ಟಿ. ಅಗಲ 165 ಮಿ.ಮೀ., ಅದರ ಶೇ. 80ರಷ್ಟು ಎಂದರೆ 132 ಮಿ.ಮೀ. ಎತ್ತರದ ಸೈಡ್‌ವಾಲ್, 14 ಇಂಚಿನ ರಿಮ್. 85 ಎಂಬುದು ಒಂದು ಟೈರು 515 ಕೆ.ಜಿ. ಹೊರಬಲ್ಲದು ಎಂಬ ಸಂಕೇತ, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ. ಇವೆರಡರಲ್ಲಿ ಮೂಲಕ್ಕಿಂತ ಕೆಳಗಿನದನ್ನು ಹಾಕಿಸಲೇಬಾರದು.

ವಿಚಾರಿಸಿದ ಎರಡೂ ಅಂಗಡಿಗಳಲ್ಲಿ ಕೊಟ್ಟ ಮೊದಲ ಸಲಹೆ ಒಂದೇ: '185/70 ಆರ್14 ಹಾಕ್ಸಿ ಸರ್, ಗ್ರಿಪ್ ಜಾಸ್ತಿ, ನೋಡೋಕೂ ಚೆನ್ನಾಗಿರುತ್ತೆ.' ಲೆಕ್ಕದಲ್ಲಿ ಅದು ತಪ್ಪಲ್ಲ. ಮೂಲ ಟೈರಿನ ಒಟ್ಟು ವ್ಯಾಸ 619.6 ಮಿ.ಮೀ., 185/70ರದ್ದು 614.6, ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ, ಸ್ಪೀಡೋಮೀಟರಿನಲ್ಲಿ ಗೊತ್ತೇ ಆಗುವುದಿಲ್ಲ. ಹೊರುವ ಸಾಮರ್ಥ್ಯ 88, ಅಂದರೆ 560 ಕೆ.ಜಿ. ಒಣ ರಸ್ತೆಯಲ್ಲಿ ಅದು ಹೆಚ್ಚು ಹಿಡಿಯುತ್ತದೆ ಎಂಬುದನ್ನೂ ಒಪ್ಪುತ್ತೇನೆ.

ಆದರೂ ಮೂಲ ಅಳತೆಯಲ್ಲೇ ನಿಂತೆ. ರಸ್ತೆಯ ಮೇಲೆ ನಿಂತ ನೀರಿನಲ್ಲಿ ಅಗಲವಾದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲಾಗದಿದ್ದರೆ ನೀರಿನ ಮೇಲೆ ತೇಲುತ್ತದೆ. ಕಿರಿದಾದ ಟೈರು ಅದೇ ಭಾರವನ್ನು ಕಿರಿದಾದ ಪಟ್ಟಿಯ ಮೇಲೆ ಒತ್ತಿ ನೀರನ್ನು ಸೀಳಿಕೊಂಡು ಹೋಗುತ್ತದೆ. 1960ರ ದಶಕದಲ್ಲಿ ನಾಸಾದ ಸಂಶೋಧಕರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ, ಹೀಗೆ ತೇಲಲು ಶುರುವಾಗುವ ವೇಗವು ಟೈರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ತೋರಿಸಿದ್ದರು. ಆ ಸೂತ್ರದಂತೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದಾಗ ಗಂಟೆಗೆ ಸುಮಾರು 90 ಕಿ.ಮೀ. ಬರುತ್ತದೆ, 20ಕ್ಕೆ ಇಳಿದರೆ 75. ಕಾರಿನ ಟೈರಿಗೆ ಈ ಅಂಕಿಗಳು ಹಾಗೇ ಹೊಂದುವುದಿಲ್ಲ, ಸವೆದ ಬಟನ್ ಇದ್ದರೆ ಇನ್ನೂ ಕಡಿಮೆಯಲ್ಲೇ ತೇಲಬಹುದು. ಆದರೆ ಗಾಳಿ ಕಡಿಮೆಯಾದರೆ ಮಳೆಯಲ್ಲಿ ಏನಾಗುತ್ತದೆ ಎಂಬ ದಿಕ್ಕು ಅದರಿಂದ ಸ್ಪಷ್ಟವಾಗುತ್ತದೆ. ಇದರ ಜೊತೆಗೆ 132 ಮಿ.ಮೀ. ಎತ್ತರದ ಸೈಡ್‌ವಾಲ್ ನಮ್ಮ ಗುಂಡಿಗಳಿಗೆ ಒಳ್ಳೆಯ ಮೆತ್ತೆ, ಹಗುರವಾದ ಚಕ್ರ ಡೀಸೆಲ್ಲನ್ನೂ ಉಳಿಸುತ್ತದೆ. ಕಾರಿನ ಅಂದಕ್ಕೆ ಅಗಲವಾದ ಟೈರು ಬೇಕೆನ್ನುವವರ ಮೇಲೆ ನನ್ನ ತಕರಾರಿಲ್ಲ. ಘಾಟಿಯ ಮಳೆಗೆ ಅದು ಉತ್ತಮ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಯಾವ ಬಗೆಯ ರಬ್ಬರು

ಅಪ್ಪನಿಗೆ ಮೈಸೂರಿನ ವಿಕ್ರಾಂತ್ ಟೈರುಗಳ ಮೇಲೆ ಹಳೆಯ ಪ್ರೀತಿ. ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಟೈರ್ ಕೈಸೇರಿದ್ದನ್ನು ನೆನಪಿಸಿದರೂ 'ನಮ್ಮೂರಿನ ಟೈರು ಕಣೋ, ಲಕ್ಷ ಕಿಲೋಮೀಟ್ರು ಬರ್ತಿತ್ತು' ಎಂದರು. ಈ 'ಲಕ್ಷ ಕಿಲೋಮೀಟರ್' ಎಂಬ ಮಾತೇ ನಾನು ಬಿಡಿಸಿಕೊಳ್ಳಬೇಕಾಗಿದ್ದ ಗಂಟು. ನಮ್ಮ ಮಾರುಕಟ್ಟೆಯಲ್ಲಿ ಟೈರು ಮಾರುವುದೇ ಬಾಳಿಕೆಯ ಹೆಸರಿನಲ್ಲಿ. ಅಪೋಲೋ ಅಮೇಜರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ದಿನಕ್ಕೆ ಇನ್ನೂರು ಕಿ.ಮೀ. ಓಡುವ ಟ್ಯಾಕ್ಸಿಗೆ ಅವು ಸರಿಯಾದ ಆಯ್ಕೆ. ಒಂದೂವರೆ ವರ್ಷದಲ್ಲಿ ಅವುಗಳ ಬಟನ್ ಮುಗಿಯುತ್ತದೆ, ರಬ್ಬರಿಗೆ ಮುಪ್ಪು ಬರಲು ಪುರಸೊತ್ತೇ ಇರುವುದಿಲ್ಲ. ವರ್ಷಕ್ಕೆ ಆರು ಸಾವಿರ ಓಡುವ ನಮಗೆ ಲಕ್ಷ ಕಿ.ಮೀ. ಬಾಳುವ ಟೈರು ಎಂದರೆ ಹದಿನಾರು ವರ್ಷದ ಟೈರು. ಅಷ್ಟು ವರ್ಷ ಅದನ್ನು ಓಡಿಸಬಾರದು, ಓಡಿಸದಿದ್ದರೆ ಅರ್ಧಕ್ಕಿಂತ ಹೆಚ್ಚು ಬಾಳಿಕೆ ಹಾಗೇ ಉಳಿದುಹೋಗುತ್ತದೆ. ಬಹಳ ಬಾಳಲೆಂದು ರೂಪಿಸಿದ ರಬ್ಬರಿನಲ್ಲಿ ಸಾಮಾನ್ಯವಾಗಿ ಒದ್ದೆಯ ಹಿಡಿತದ ಒಂದಿಷ್ಟು ಪಾಲನ್ನು ಬಿಟ್ಟುಕೊಟ್ಟಿರುತ್ತಾರೆ. ನಾವು ಬಳಸದ ಬಾಳಿಕೆಗಾಗಿ, ನಮಗೆ ಅತ್ಯಗತ್ಯವಾದ ಹಿಡಿತವನ್ನು ಏಕೆ ಕಳೆದುಕೊಳ್ಳಬೇಕು?

ಹೀಗೆ ಬಾಳಿಕೆಗಿಂತ ಒದ್ದೆಯ ಹಿಡಿತಕ್ಕೆ ಒತ್ತು ಕೊಟ್ಟ, ಸಿಲಿಕಾ ಬೆರೆಸಿದ ರಬ್ಬರಿನ ಟೈರನ್ನು ಹುಡುಕಿದೆ. ಟೈರಿಗೆ ಕಪ್ಪು ಬಣ್ಣ ಕೊಡುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯ ಒಂದಿಷ್ಟಕ್ಕೆ ಬದಲಾಗಿ ಸಿಲಿಕಾ ಬೆರೆಸುವ ಪದ್ಧತಿ 1990ರ ದಶಕದಿಂದ ಕಾರಿನ ಟೈರುಗಳಲ್ಲಿ ಹರಡಿತು. ಉರುಳುವಾಗಿನ ಎಳೆತವನ್ನು ಹೆಚ್ಚಿಸದೆ ಒದ್ದೆಯ ಹಿಡಿತವನ್ನು ಉತ್ತಮಪಡಿಸುವುದು ಅದರ ಗುಣ. ಬಟನ್ ವಿನ್ಯಾಸದಲ್ಲಿ ಸುತ್ತಲೂ ಸಾಗುವ ಅಗಲವಾದ ಉದ್ದ ಕಾಲುವೆಗಳು ಕನಿಷ್ಠ ಮೂರು ಇರಬೇಕು, ಅವುಗಳಿಂದ ಅಂಚಿಗೆ ನೀರು ಹರಿಯಲು ಓರೆ ಕಾಲುವೆಗಳಿರಬೇಕು, ಬಟನ್‌ಗಳ ಮೇಲೆ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳು ಆಳದವರೆಗೆ ಇಳಿದಿರಬೇಕು ಎಂದು ನೋಡಿದೆ. ಕೆಲವು ಟೈರುಗಳಲ್ಲಿ ಆ ಸೀಳುಗಳು ಮೇಲೆ ಮಾತ್ರ ಇರುತ್ತವೆ. ಟೈರು ಅರ್ಧ ಸವೆಯುವಷ್ಟರಲ್ಲಿ ಮಾಯವಾಗುತ್ತವೆ. ಉಗುರು ತೂರಿಸಿ ಆಳ ನೋಡಿದರೆ ಇದು ಅಂಗಡಿಯಲ್ಲೇ ತಿಳಿಯುತ್ತದೆ.

ನಾನು ಕೊಂಡ ಮಾದರಿಯ ಹೆಸರನ್ನು ಬರೆಯುತ್ತಿಲ್ಲ. ಆ ವಾರ ಶಿವಮೊಗ್ಗದ ಅಂಗಡಿಯಲ್ಲಿದ್ದ ಸರಕು ಇನ್ನೊಂದು ಊರಿನಲ್ಲಿ, ಇನ್ನೊಂದು ವರ್ಷದಲ್ಲಿ ಇರಲಿಕ್ಕಿಲ್ಲ. ಈ ನಾಲ್ಕು ಗುಣಗಳನ್ನು ನೋಡಿ ಆರಿಸಿದರೆ ಹೆಸರು ಯಾವುದಾದರೂ ನಡೆಯುತ್ತದೆ.

ತಾರೀಖಿನ ತಕರಾರು

ಮೊದಲ ಅಂಗಡಿಯಲ್ಲಿ ತಯಾರಿಕೆಯ ವಾರ ತೋರಿಸಿ ಎಂದಾಗ ಮಾರುವವರಿಗೆ ಬೇಸರವಾಯಿತು. 'ಡೇಟ್ ಎಲ್ಲ ಏನ್ ನೋಡ್ತೀರಾ ಸರ್, ಟೈರ್ ಏನು ಹಾಲೇ, ಕೆಟ್ಟುಹೋಗೋಕೆ?' ಎಂದರು. ಒತ್ತಾಯಿಸಿದ ಮೇಲೆ ತಂದ ನಾಲ್ಕರಲ್ಲಿ ಎರಡು 2021ರವು, ಎರಡು 2022ರವು. ನೆರಳಿನಲ್ಲಿ ಸರಿಯಾಗಿ ಇಟ್ಟ ಟೈರು ಒಂದು ವರ್ಷ ಹಳೆಯದಾದರೆ ನಾನು ಬೇಡವೆನ್ನುವುದಿಲ್ಲ. ಆದರೆ ವಯಸ್ಸಿನ ಕಾರಣಕ್ಕೇ ಟೈರು ಬದಲಾಯಿಸುವವನು ಮೂರು ವರ್ಷ ಕಳೆದದ್ದನ್ನು ಪೂರ್ತಿ ಬೆಲೆಗೆ ಕೊಳ್ಳುವುದು ಹೇಗೆ? ಇನ್ನೊಂದು ಕಾರಣವೂ ಇತ್ತು. ಒದ್ದೆಯ ಹಿಡಿತದ ಕನಿಷ್ಠ ಮಟ್ಟವನ್ನೂ ಉರುಳುವ ಎಳೆತ ಮತ್ತು ಸದ್ದಿನ ಗರಿಷ್ಠ ಮಿತಿಯನ್ನೂ ನಿಗದಿ ಮಾಡುವ ಎಐಎಸ್-142 ಎಂಬ ಮಾನದಂಡವನ್ನು ಕೇಂದ್ರ ಸರ್ಕಾರ ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್‌ನಿಂದ ಜಾರಿಗೆ ತಂದು, ಹಳೆಯ ವಿನ್ಯಾಸಗಳಿಗೆ 2023ರಲ್ಲಿ ವಿಸ್ತರಿಸಿತು. ಆಮೇಲೆ ತಯಾರಾದ ಟೈರು ಎಂದರೆ ಕನಿಷ್ಠಪಕ್ಷ ಆ ಪರೀಕ್ಷೆಯ ಗೆರೆ ದಾಟಿದ್ದು. ಐಎಸ್‌ಐ ಗುರುತಂತೂ ಇರಲೇಬೇಕು.

ಎರಡನೆಯ ಅಂಗಡಿಯವರು ಕೇಳಿದ್ದಕ್ಕೆ ಬೇಸರಪಡದೆ, ಗೋದಾಮಿನಿಂದ 0924 ಮತ್ತು 1124ರ ಟೈರುಗಳನ್ನು ಉರುಳಿಸಿಕೊಂಡು ಬಂದರು. ಒಂದಕ್ಕೆ 4,900 ರೂಪಾಯಿ. ಆಗ ಟೈರಿನ ಮೇಲೆ ಜಿಎಸ್‌ಟಿ ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಆದ್ದರಿಂದ ಈಗ ಕೊಳ್ಳುವವರು ನನ್ನ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು.

ನಾಲ್ಕೋ ಐದೋ ಎಂಬ ಚರ್ಚೆ ಮನೆಯಲ್ಲಿ ಎರಡು ದಿನ ನಡೆಯಿತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಕಾರಿನ ಜೊತೆಗೇ ಬಂದದ್ದು, ಒಮ್ಮೆಯೂ ನೆಲ ಮುಟ್ಟಿರಲಿಲ್ಲ. ಅಚ್ಚಿನಿಂದ ಬಂದ ರಬ್ಬರಿನ ಮುಳ್ಳುಕೂದಲುಗಳು ಅದರ ಮೇಲೆ ಹಾಗೇ ಇದ್ದವು. 'ಹೊಚ್ಚ ಹೊಸದಿದೆ, ಇದನ್ನು ಹಾಕಿಸಿ ಮೂರು ತಗೊಂಡ್ರೆ ಸಾಕು' ಎಂದರು ಅಪ್ಪ. ಅದರ ಅಂಕಿ 1412. ಅಪ್ಪನನ್ನೇ ಕರೆದು, ಗಾಳಿ ತೆಗೆದು, ಸೈಡ್‌ವಾಲನ್ನು ಮೊಣಕಾಲಿನಿಂದ ಒತ್ತಿ ತೋರಿಸಿದೆ. ರಿಮ್ಮಿನ ಹತ್ತಿರ ಬಿರುಕುಗಳು ಬಾಯಿ ತೆರೆದವು. ಅಪ್ಪ ಬೆರಳಿನಿಂದ ಸವರಿ ನೋಡಿ, 'ಐದು ತಗೋ' ಎಂದರು.

ಕೂರಿಸಿದ ದಿನ

2024ರ ಮೇ ಮೂರನೆಯ ವಾರ ಟೈರುಗಳನ್ನು ಕೂರಿಸಿದೆವು. ಹಳೆಯ ಟೈರು ಕಳಚಿದಾಗ ಹಿಂದಿನ ಬಲ ರಿಮ್ಮಿನಲ್ಲಿ ಟೈರಿನ ತುಟಿ ಕೂರುವ ಜಾಗದಲ್ಲಿ ತುಕ್ಕು ಪೊರೆಯಾಗಿ ಎದ್ದಿತ್ತು. ಆ ಚಕ್ರದಲ್ಲಿ ತಿಂಗಳಿಗೆ ನಾಲ್ಕೈದು ಪಿಎಸ್‌ಐ ಗಾಳಿ ಇಳಿಯುತ್ತಿದ್ದದ್ದಕ್ಕೆ ಕಾರಣ ಇದೇ. ಪಂಕ್ಚರ್ ಎಂದುಕೊಂಡು ಎರಡು ಸಲ ನೀರಿನಲ್ಲಿ ಮುಳುಗಿಸಿ ನೋಡಿಸಿದ್ದೆ. ತಂತಿ ಬ್ರಶ್ಶಿನಿಂದ ತಿಕ್ಕಿ, ಎಮರಿ ಕಾಗದದಿಂದ ನಯ ಮಾಡಿ, ಒರೆಸಿ, ಬೀಡ್ ಸೀಲರ್ (ಗಾಳಿ ಸೋರದಂತೆ ತಡೆಯುವ ಅಂಟು) ಹಚ್ಚಿದ ಮೇಲೆ ಟೈರು ಏರಿಸಿದರು. ಗಾಳಿ ತುಂಬಿದ ಬಳಿಕ ಸುತ್ತಲೂ ಸೋಪಿನ ನೀರು ಸವರಿ ಕಾದೆವು. ಒಂದು ಗುಳ್ಳೆಯೂ ಏಳಲಿಲ್ಲ.

ಈ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ವಾಲ್ವ್‌ಗಳನ್ನು ತಪ್ಪದೆ ಹೊಸದು ಹಾಕಿಸಬೇಕು. ಅದೂ ರಬ್ಬರೇ, ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಟೈರಿನ ಮೇಲಿನ ಹಳದಿ ಚುಕ್ಕೆ ಹಗುರವಾದ ಭಾಗದ ಗುರುತು, ಅದು ವಾಲ್ವ್ ನೇರಕ್ಕೆ ಬಂದರೆ ಚಕ್ರದ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್‌ಗೆ ಸೀಸದ ತುಂಡು ಕಡಿಮೆ ಸಾಕು. ನೈಟ್ರೋಜನ್ ತುಂಬಿಸುತ್ತೀರಾ ಎಂದು ಕೇಳಿದರು, ಬೇಡವೆಂದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಮತ್ತು ಹೆಬ್ರಿಯ ದಾರಿಯಲ್ಲಿ ಗಾಳಿ ಕಡಿಮೆಯಾದರೆ ತುಂಬಿಸಲು ಸಿಗುವುದು ಮಾಮೂಲಿ ಗಾಳಿಯೇ. ನಟ್ಟುಗಳನ್ನು ಹುಡುಗ ಏರ್ ಗನ್ನಿನಿಂದ ಬಿಗಿದಿದ್ದ. ಹಾಗೆ ಬಿಗಿದ ನಟ್ಟನ್ನು ರಸ್ತೆಯಲ್ಲಿ ಕಾರಿನೊಳಗಿನ ಸ್ಪ್ಯಾನರಿನಿಂದ ಬಿಚ್ಚಲು ಹೋಗಿ ಹಿಂದೊಮ್ಮೆ ಸೋತಿದ್ದೇನೆ. ಆದ್ದರಿಂದ ಎಲ್ಲವನ್ನೂ ಸಡಿಲಿಸಿ, ಎದುರುಬದುರಿನ ಕ್ರಮದಲ್ಲಿ, ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಸಿದೆ. ಮರುವಾರ ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿದಾಗ ಎರಡು ನಟ್ಟುಗಳು ಕಾಲು ಸುತ್ತಿನಷ್ಟು ತಿರುಗಿದವು.

ಎರಡೇ ಟೈರು ಕೊಳ್ಳುವವರಿಗೆ ಒಂದು ಮಾತು. ಮುಂದಿನ ಚಕ್ರಗಳೇ ಎಳೆಯುವ ಕಾರೆಂದು ಹೊಸದನ್ನು ಮುಂದಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಮಳೆಯ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾಲು ತೆಗೆದು, ಸ್ಟಿಯರಿಂಗ್ ಸಡಿಲಿಸಿ ಸರಿಪಡಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಕೈಚಳಕ ನಮ್ಮಲ್ಲಿ ಬಹುಪಾಲು ಜನಕ್ಕೆ ಇಲ್ಲ. ಹೊಸದು ಹಿಂದಕ್ಕೇ ಹೋಗಬೇಕು.

ಆಮೇಲಿನ ಅಳತೆಗಳು

ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನ ಜಾರುಪದರ ಉಳಿದಿರುವುದರಿಂದ ಮೊದಲ ಕೆಲವು ನೂರು ಕಿ.ಮೀ. ಸಾವಕಾಶವಾಗಿ ಓಡಿಸಿದೆ. 400 ಕಿ.ಮೀ. ಆದ ಮೇಲೆ ಮತ್ತೆ ಅದೇ ಗಿರಣಿಯ ಅಂಗಳ, ಅದೇ ನೀರು, ಅದೇ 30ರ ವೇಗ: 5.7, 5.5, 5.8 ಮೀಟರ್. ಸರಾಸರಿಯಲ್ಲಿ ಒಂದೂ ಮುಕ್ಕಾಲು ಮೀಟರು ಕಡಿಮೆ. ವೇಗ ಹೆಚ್ಚಿದಂತೆ ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಮಂಡಗದ್ದೆಯ ಆ ತಿರುವಿನ 50ರ ವೇಗದಲ್ಲಿ ಈ ವ್ಯತ್ಯಾಸ ಐದು ಮೀಟರಿನ ಹತ್ತಿರ ಬರುತ್ತದೆ. ಕಾರಿನ ಉದ್ದ ನಾಲ್ಕು ಮೀಟರು.

ಜುಲೈನಲ್ಲಿ ಆಗುಂಬೆ ಇಳಿದಾಗ ತಿರುವುಗಳಲ್ಲಿ ರಸ್ತೆಯ ಮೇಲೇ ಝರಿ ಹರಿಯುತ್ತಿತ್ತು. ಎರಡನೆಯ ಗೇರಿನಲ್ಲಿ ಇಳಿಯುವಾಗ ಹಿಂದೆ ಸ್ಟಿಯರಿಂಗಿನಲ್ಲಿ ಕ್ಷಣಕಾಲ ಸಿಗುತ್ತಿದ್ದ ಆ ಪೊಳ್ಳುತನ, ಕೈಗೆ ಏನೂ ಸಿಗದಂತಾಗುವುದು, ಒಮ್ಮೆಯೂ ಬರಲಿಲ್ಲ. ಒಂದು ಕೊರತೆಯನ್ನೂ ಹೇಳಬೇಕು: ಒರಟು ಕಾಂಕ್ರೀಟಿನ ಮೇಲೆ ಇವುಗಳ ಸದ್ದು ಹಳೆಯವಕ್ಕಿಂತ ಸ್ವಲ್ಪ ಹೆಚ್ಚು.

ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಕಾರು ಹೊರಡುವ ಮುನ್ನ ತಣ್ಣಗಿರುವಾಗ, ನನ್ನದೇ ಗೇಜಿನಲ್ಲಿ ನೋಡುತ್ತೇನೆ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ; ಏಪ್ರಿಲ್ ಮಧ್ಯಾಹ್ನ ತುಂಬಿಸಿದ್ದನ್ನು ಜುಲೈ ಮುಂಜಾನೆ ನೋಡಿದರೆ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಗಿಂತ ಸಾಕಷ್ಟು ಕೆಳಗಿರುತ್ತದೆ.

2025ರ ನವೆಂಬರ್, 9,600 ಕಿ.ಮೀ.: ಮುಂದಿನವು 6.6 ಮಿ.ಮೀ., ಹಿಂದಿನವು 7.2, ಎಡಬಲ ಅಂಚುಗಳಲ್ಲಿ ವ್ಯತ್ಯಾಸ 0.1ರೊಳಗೆ. ಲೋವರ್ ಆರ್ಮ್ ಬದಲಾಯಿಸಿದ್ದು ಸಾರ್ಥಕವಾಯಿತು. ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಸ್ಥಾನ ಬದಲಾಯಿಸಿದೆ. ಈ ಸರದಿಯಲ್ಲಿ ಐದೂ ಸಮವಾಗಿ ಸವೆಯುತ್ತವೆ, ಡಿಕ್ಕಿಯೊಳಗೆ ಒಂದೇ ಮುದಿಯಾಗುತ್ತ ಕೂರುವುದಿಲ್ಲ. ಈ ವೇಗದಲ್ಲಿ ಆರು ವರ್ಷ ತುಂಬುವಾಗಲೂ 4 ಮಿ.ಮೀ. ಮೇಲೆ ಬಟನ್ ಉಳಿದಿರುತ್ತದೆ, ಮತ್ತು ಕೊನೆಯ ಮಳೆಗಾಲಕ್ಕೆ ನೀರು ಹೊರಹಾಕಲು ನನಗೆ ಬೇಕಾಗಿರುವ ಆಳ ಅಷ್ಟೇ.

ಹಳೆಯ ನಾಲ್ಕು ಟೈರುಗಳನ್ನು ಅಂಗಡಿಯಲ್ಲೇ ಬಿಟ್ಟೆ. 1412ರ ಸ್ಟೆಪ್ನಿಯನ್ನು ಅಪ್ಪ ಹೆಬ್ರಿಗೆ ಒಯ್ದು, ಹಲಸಿನ ಮರಕ್ಕೆ ಮೊಮ್ಮಗಳ ಉಯ್ಯಾಲೆ ಕಟ್ಟಿದರು. ಮಳೆನೀರು ನಿಂತು ಸೊಳ್ಳೆ ಮೊಟ್ಟೆಯಿಡದಂತೆ ಅದರ ತಳಕ್ಕೆ ಡ್ರಿಲ್‌ನಿಂದ ನಾಲ್ಕು ತೂತು ಕೊರೆದಿದ್ದೇನೆ. ಕಾರಿನ ಗ್ಲೋವ್ ಬಾಕ್ಸಿನಲ್ಲಿ ರಟ್ಟಿನ ಚೀಟಿಯೊಂದಿದೆ. ಅದರಲ್ಲಿ ಐದು ಟೈರುಗಳ ಅಂಕಿಗಳು, ಪ್ರತಿ ಅಳತೆಯ ತಾರೀಖು, ಮತ್ತು ಕೊನೆಯ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ: 'ಬಟನ್ ಎಷ್ಟೇ ಇರಲಿ, 2030ರ ಏಪ್ರಿಲ್ ಒಳಗೆ ಐದೂ ಬದಲಾಯಿಸುವುದು.'